ಉಪಾಧ್ಯಾಯರ ತರಬೇತಿಯೂ ತೆರೆಯ ಮೇಲಿನ ಪಾಠವೂ

ಕೆಲವು ತಿಂಗಳ ಕೆಳಗೆ ನಾವು ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸದ ಪಾಠವೊಂದನ್ನು ನೋಡಲು ಹೋಗಿದ್ದೆವು. ಪಾಠ ಹೇಳಬೇಕಾಗಿದ್ದವರು ಬಿ.ಎಡ್. ಓದುತ್ತಿದ್ದ ಒಬ್ಬ ತರುಣಿ, ತರಗತಿ ಹತ್ತನೆಯದು, ವಿಷಯ ದ್ಯುತಿಸಂಶ್ಲೇಷಣೆ. ಆಕೆ ರಾತ್ರಿ ಬಹಳ ಹೊತ್ತು ಎಚ್ಚರವಿದ್ದು 31 ಸ್ಲೈಡುಗಳನ್ನು ಸಿದ್ಧಪಡಿಸಿಕೊಂಡು ಬಂದಿದ್ದರು. ಕಿಟಕಿಗಳನ್ನು ಮುಚ್ಚಿಸಿ, ಕೋಣೆಯನ್ನು ಕತ್ತಲೆ ಮಾಡಿ, ಪ್ರಾಜೆಕ್ಟರನ್ನು ಹಚ್ಚಿ ಪಾಠವನ್ನು ಆರಂಭಿಸಿದರು. ಒಂಬತ್ತನೆಯ ಸ್ಲೈಡಿಗೆ ಬರುವಷ್ಟರಲ್ಲಿ ವಿದ್ಯುತ್ತು ಹೋಯಿತು. ಹಿಂದಿನ ಸಾಲಿನ ಹುಡುಗರು ಯಾರೂ ಹೇಳದೆಯೇ ಎದ್ದು ಕಿಟಕಿಗಳನ್ನು ತೆರೆದರು. ಹೊರಗೆ, ಕಿಟಕಿಯ ಸರಳಿಗೆ ತಗಲುವಷ್ಟು ಸಮೀಪದಲ್ಲಿ, ಒಂದು ಹೊಂಗೆಯ ಮರ ಬಿಸಿಲಿನಲ್ಲಿ ತುಂಬಿಕೊಂಡು ನಿಂತಿತ್ತು. ತರುಣಿ ಒಮ್ಮೆ ತೆರೆಯನ್ನೂ ಒಮ್ಮೆ ತಮ್ಮ ಮೇಲ್ವಿಚಾರಕರನ್ನೂ ನೋಡಿದರು. ವಿದ್ಯುತ್ತು ಬರುವವರೆಗೆ ಪುಸ್ತಕದಲ್ಲಿರುವುದನ್ನು ಓದಿಕೊಳ್ಳಿರೆಂದು ಮಕ್ಕಳಿಗೆ ಹೇಳಿದರು. ವಿದ್ಯುತ್ತು ಬರಲಿಲ್ಲ, ಗಂಟೆ ಹೊಡೆಯಿತು.

ಪಾಠ ಮುಗಿದ ಮೇಲೆ ನಾವು ಆಕೆಯನ್ನು, ಹೊರಗಿನ ಮರದಿಂದ ನಾಲ್ಕು ಎಲೆಗಳನ್ನು ತರಿಸಬಹುದಾಗಿತ್ತಲ್ಲವೇ ಎಂದು ಕೇಳಿದೆವು. ಆಕೆ ತುಸು ನೊಂದುಕೊಂಡೇ ಉತ್ತರ ಕೊಟ್ಟರು: “ತರಿಸಬಹುದಿತ್ತು ಸಾರ್. ಆದರೆ ಮೌಲ್ಯಮಾಪನದ ಹಾಳೆಯಲ್ಲಿ ತಂತ್ರಜ್ಞಾನದ ಬಳಕೆ ಎಂದು ಒಂದು ಕಾಲಂ ಇದೆ. ಸ್ಲೈಡು ತೋರಿಸದಿದ್ದರೆ ಅಲ್ಲಿ ಅಂಕ ಬರುವುದಿಲ್ಲ.” ಇದರಲ್ಲಿ ಆಕೆಯ ತಪ್ಪೇನೂ ಇದೆಯೆಂದು ನಮಗೆ ತೋರಲಿಲ್ಲ. ಯಾವುದಕ್ಕೆ ಅಂಕವುಂಟೋ ಅದನ್ನೇ ವಿದ್ಯಾರ್ಥಿಗಳು ಕಲಿಯುತ್ತಾರೆ. ನಾವೂ ಹಾಗೆಯೇ ಓದಿ ಮೇಲೆ ಬಂದವರು. ತಪ್ಪಿರುವುದು ಆ ಕಾಲಮ್ಮಿನಲ್ಲಿ. ಆ ಕಾಲಮ್ಮಿನ ಹಿಂದಿರುವ ಆಲೋಚನಾಕ್ರಮವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂಬುದೇ ಈ ಲೇಖನದ ಉದ್ದೇಶ.

ಇದು ಉಪಾಧ್ಯಾಯರ ತರಬೇತಿಯ ಮಾತಲ್ಲವೇ, ಹೈಸ್ಕೂಲು ಕಾಲೇಜುಗಳಲ್ಲಿ ಓದುವ ನಮಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಎರಡು ಕಾರಣಗಳಿಂದ ಇದು ನಿಮಗೆ ಸಂಬಂಧಿಸಿದೆ. ತರಬೇತಿಯ ಗುಣದೋಷಗಳನ್ನೆಲ್ಲ ಕೊನೆಗೆ ಅನುಭವಿಸುವವರು ಬೆಂಚಿನ ಮೇಲೆ ಕುಳಿತಿರುವ ನೀವೇ. ಅಲ್ಲದೆ, ಇನ್ನು ನಾಲ್ಕೈದು ವರ್ಷಗಳಲ್ಲಿ ನಿಮ್ಮಲ್ಲಿಯೇ ಕೆಲವರು ಸುಣ್ಣದ ಕಡ್ಡಿ ಹಿಡಿದು ಇಂಥದೇ ಒಂದು ತರಗತಿಯ ಮುಂದೆ ನಿಲ್ಲುವವರಿದ್ದೀರಿ.

ಯಂತ್ರಗಳ ಮೂಲಕ ಶಾಲೆಯನ್ನು ಉದ್ಧರಿಸುವ ಆಸೆ ಹೊಸದಲ್ಲ. ಚಲನಚಿತ್ರ ಹೊಸದಾಗಿದ್ದ 1913ರಲ್ಲಿಯೇ ಎಡಿಸನ್ ಮಹಾಶಯನು, ಇನ್ನು ಸ್ವಲ್ಪ ಕಾಲದಲ್ಲಿ ಶಾಲೆಗಳಿಗೆ ಪುಸ್ತಕಗಳೇ ಬೇಡವಾಗುವುವೆಂದು ಭವಿಷ್ಯ ನುಡಿದಿದ್ದನು. ಪುಸ್ತಕಗಳು ಇನ್ನೂ ಇವೆ. ನಮ್ಮ ದೇಶದಲ್ಲಿ 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಎ.ಟಿ.ಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಕಳುಹಿಸಲಾಯಿತು. ‘ಸೈಟ್’ ಎಂದು ಪ್ರಸಿದ್ಧವಾದ ಈ ಪ್ರಯೋಗದಲ್ಲಿ ನಮ್ಮ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದುವು. ಅದರ ಒಂದು ಭಾಗ ಮಕ್ಕಳಿಗಲ್ಲ, ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ವಿಜ್ಞಾನ ಬೋಧನೆಯನ್ನು ಕಲಿಸುವುದಕ್ಕಾಗಿ ಮೀಸಲಾಗಿತ್ತೆಂಬುದನ್ನು ಇಂದು ನೆನೆಯುವವರು ಕಡಮೆ. ವರ್ಷ ಕಳೆದೊಡನೆ ಉಪಗ್ರಹ ಬೇರೆಡೆಗೆ ಸರಿಯಿತು, ಪ್ರಯೋಗ ಮುಗಿಯಿತು. 1984ರಲ್ಲಿ ‘ಕ್ಲಾಸ್’ ಎಂಬ ಯೋಜನೆಯಲ್ಲಿ ದೇಶದ 250 ಪ್ರೌಢಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೋ ಎಂಬ ಇಂಗ್ಲೆಂಡಿನ ಕಂಪ್ಯೂಟರುಗಳು ಬಂದುವು. ಪ್ರತಿ ಶಾಲೆಯಿಂದ ಕೆಲವೇ ಉಪಾಧ್ಯಾಯರಿಗೆ ಅಲ್ಪಕಾಲದ ತರಬೇತಿ ದೊರೆಯಿತು. ಯಂತ್ರ ಏತಕ್ಕೆ ಬಂದಿದೆಯೆಂಬುದು ಉಳಿದವರಿಗೆ ತಿಳಿಯಲಿಲ್ಲ. 2001ರ ಸುಮಾರಿಗೆ ಕರ್ನಾಟಕದಲ್ಲಿ ನಡೆದ ‘ಮಾಹಿತಿ ಸಿಂಧು’ ಯೋಜನೆಯಲ್ಲಿ ಕಂಪ್ಯೂಟರ್ ಕಲಿಸುವವರು ಶಾಲೆಯ ಉಪಾಧ್ಯಾಯರಾಗಿರಲಿಲ್ಲ, ಖಾಸಗಿ ಸಂಸ್ಥೆಗಳು ಒದಗಿಸಿದ ಬೋಧಕರಾಗಿದ್ದರು. ಗಣಿತದ ಮೇಷ್ಟರಿಗೂ ಆ ಕೋಣೆಗೂ ಸಂಬಂಧವೇ ಏರ್ಪಡಲಿಲ್ಲ. ಗುತ್ತಿಗೆಯ ಕಾಲ ತೀರಿದ ಮೇಲೆ ಕೋಣೆಯ ಬೀಗದ ಕೈ ಯಾರಲ್ಲಿರಬೇಕೆಂಬುದೇ ಎಷ್ಟೋ ಕಡೆ ಪ್ರಶ್ನೆಯಾಯಿತು. ಅದೇ 2001ರಲ್ಲಿ ನೆರೆಯ ಕೇರಳ ಆರಂಭಿಸಿದ ‘ಐ.ಟಿ. ಅಟ್ ಸ್ಕೂಲ್’ ಯೋಜನೆಯಲ್ಲಿ ಮಾತ್ರ ಶಾಲೆಗಳ ಉಪಾಧ್ಯಾಯರನ್ನೇ ಆರಿಸಿ, ಅವರಿಂದಲೇ ಉಳಿದವರಿಗೆ ತರಬೇತಿ ಕೊಡಿಸಿದರು. ಅದು ಹೆಸರು ಬದಲಾದರೂ ಇಂದಿಗೂ ನಿಂತಿದೆ. ಯಂತ್ರಗಳ ಬೆಲೆಯಲ್ಲಿ ಎರಡೂ ರಾಜ್ಯಗಳಿಗೆ ಹೆಚ್ಚು ವ್ಯತ್ಯಾಸವಿದ್ದಿರಲಾರದು. ಕೆಲಸವನ್ನು ಯಾರ ಕೈಗೆ ಒಪ್ಪಿಸಿದರೆಂಬುದರಲ್ಲಿ ವ್ಯತ್ಯಾಸವಿತ್ತು. ಕರ್ನಾಟಕವೂ ಆಮೇಲೆ ಈ ಪಾಠವನ್ನು ಸ್ವಲ್ಪಮಟ್ಟಿಗೆ ಕಲಿತುಕೊಂಡಿತೆನ್ನಬೇಕು. 2011ರ ಸುಮಾರಿನಿಂದ ವಿಷಯ ಶಿಕ್ಷಕರ ವೇದಿಕೆಗಳು ಹುಟ್ಟಿ, ಉಪಾಧ್ಯಾಯರು ತಾವೇ ಪಾಠಸಾಮಗ್ರಿಯನ್ನು ಮಾಡಿ ಹಂಚಿಕೊಳ್ಳತೊಡಗಿದರು.

ಈಗ ತರಬೇತಿ ಕಾಲೇಜಿನ ಒಳಗೆ ನೋಡೋಣ. 2014ರ ನಿಯಮಗಳಂತೆ ಬಿ.ಎಡ್. ಎರಡು ವರ್ಷಗಳದಾಯಿತು. ಪಠ್ಯಕ್ರಮದ ಚೌಕಟ್ಟಿನಲ್ಲಿ ಮಾಹಿತಿ ತಂತ್ರಜ್ಞಾನದ ವಿಮರ್ಶಾತ್ಮಕ ತಿಳಿವಳಿಕೆ ಎಂಬ ಒಂದು ಭಾಗವೂ ಸೇರಿತು. ‘ವಿಮರ್ಶಾತ್ಮಕ’ ಎಂಬ ಆ ಮಾತನ್ನು ಯಾರು ಹಾಕಿದರೋ ಅವರಿಗೆ ನಮ್ಮ ನಮಸ್ಕಾರ. ಆದರೆ ನಾವು ನೋಡಿದ ಮಟ್ಟಿಗೆ, ಆಚರಣೆಯಲ್ಲಿ ಆ ಮಾತು ಉದುರಿಹೋಗಿ, ಅಕ್ಷರ ಅಚ್ಚಿಸುವುದು, ಕೋಷ್ಟಕ ತುಂಬುವುದು, ಸ್ಲೈಡು ಮಾಡುವುದು, ಮಿಂಚಂಚೆ ಕಳುಹಿಸುವುದು ಇಷ್ಟೇ ಉಳಿಯುತ್ತದೆ. ಅದನ್ನು ಕಲಿಸುವವರು ಒಬ್ಬರು; ಭೌತವಿಜ್ಞಾನವನ್ನು ಬೋಧಿಸುವುದು ಹೇಗೆಂದು ಕಲಿಸುವವರು ಇನ್ನೊಬ್ಬರು. ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತು ಮಾತನಾಡುವ ಸಂದರ್ಭವೇ ಬರುವುದಿಲ್ಲ. ಅಡುಗೆಯನ್ನು ಒಬ್ಬರ ಬಳಿಯೂ ಒಲೆ ಹಚ್ಚುವುದನ್ನು ಮತ್ತೊಬ್ಬರ ಬಳಿಯೂ ಕಲಿತಂತಾಗುತ್ತದೆ ಇದು.

ಅಮೆರಿಕದ ಲೀ ಶುಲ್ಮನ್ ಎಂಬ ಶಿಕ್ಷಣತಜ್ಞರು 1986ರಲ್ಲಿ ಒಂದು ಸರಳವಾದ, ಆದರೆ ಅದುವರೆಗೆ ಯಾರೂ ಅಷ್ಟು ಸ್ಪಷ್ಟವಾಗಿ ಹೇಳದಿದ್ದ ಸಂಗತಿಯನ್ನು ಎತ್ತಿ ತೋರಿಸಿದರು. ವಿಷಯ ಗೊತ್ತಿರುವುದು ಒಂದು, ಬೋಧನೆಯ ಸಾಮಾನ್ಯ ಕ್ರಮ ಗೊತ್ತಿರುವುದು ಇನ್ನೊಂದು. ಇವೆರಡೂ ಅಲ್ಲದ ಮೂರನೆಯ ಜ್ಞಾನವೊಂದು ಒಳ್ಳೆಯ ಉಪಾಧ್ಯಾಯರಲ್ಲಿರುತ್ತದೆ. ಈ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಉದಾಹರಣೆ ಕೊಟ್ಟರೆ ಅವರಿಗೆ ಹಿಡಿತ ಸಿಗುತ್ತದೆ ಎಂಬ ಜ್ಞಾನ ಅದು. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಅಧ್ಯಾಪಕರಾದ ಪುಣ್ಯ ಮಿಶ್ರ ಅವರೂ ಮ್ಯಾಥ್ಯೂ ಕೋಹ್ಲರ್ ಅವರೂ 2006ರಲ್ಲಿ ಇದಕ್ಕೆ ತಂತ್ರಜ್ಞಾನವನ್ನು ಸೇರಿಸಿದರು. ಅವರ ವಾದವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಯಂತ್ರದ ಗುಂಡಿಗಳನ್ನು ಬಲ್ಲವನು ಉಪಾಧ್ಯಾಯನಲ್ಲ. ಈ ವಿಷಯದ ಈ ಕಷ್ಟಕ್ಕೆ ಈ ಯಂತ್ರ ಒದಗೀತೇ ಎಂದು ಅಳೆಯಬಲ್ಲವನು ಉಪಾಧ್ಯಾಯ. ಮಾತು ಇಷ್ಟು ಚಿಕ್ಕದಾದರೂ, ಇದನ್ನು ಒಪ್ಪಿಕೊಂಡರೆ ತರಬೇತಿಯ ಕ್ರಮವೇ ಬದಲಾಗಬೇಕಾಗುತ್ತದೆ. ಎರಡು ಮೂರು ಉದಾಹರಣೆಗಳಿಂದ ಇದನ್ನು ವಿಶದಪಡಿಸುತ್ತೇವೆ.

ದ್ಯುತಿಸಂಶ್ಲೇಷಣೆಗೇ ಹಿಂದಿರುಗೋಣ. ಎಲೆಯ ಅಡಿಭಾಗದಲ್ಲಿ ಪತ್ರರಂಧ್ರಗಳುಂಟು, ಗಾಳಿ ಒಳಗೂ ಹೊರಗೂ ಸುಳಿಯುವುದು ಅವುಗಳ ಮೂಲಕ, ಎಂದು ಪುಸ್ತಕ ಹೇಳುತ್ತದೆ. ಎಲೆಯ ಅಡಿಗೆ ಉಗುರಿಗೆ ಹಚ್ಚುವ ಬಣ್ಣವಿಲ್ಲದ ಪಾಲಿಶನ್ನು ತೆಳ್ಳಗೆ ಸವರಿ, ಒಣಗಿದ ಮೇಲೆ ಆ ಪೊರೆಯನ್ನು ಅಂಟುಪಟ್ಟಿಯಿಂದ ಮೆಲ್ಲಗೆ ಎತ್ತಿ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಪುಟ್ಟ ತುಟಿಗಳಂತಿರುವ ರಂಧ್ರಗಳ ಅಚ್ಚು ಕಾಣುತ್ತದೆ. ಆದರೆ ಶಾಲೆಯಲ್ಲಿರುವುದು ಒಂದೇ ಸೂಕ್ಷ್ಮದರ್ಶಕ, ಮಕ್ಕಳು ಅರುವತ್ತು. ನಲವತ್ತು ನಿಮಿಷಗಳ ಅವಧಿಯನ್ನು ಪೂರ್ತಿ ಇದಕ್ಕೇ ಕೊಟ್ಟರೂ ಒಬ್ಬೊಬ್ಬರಿಗೆ ಸಿಗುವುದು ನಲವತ್ತು ಸೆಕೆಂಡು. ತಾನು ನೋಡಿದ್ದು ರಂಧ್ರವೋ ಗಾಳಿಯ ಗುಳ್ಳೆಯೋ ಎಂದು ಕೇಳುವಷ್ಟರಲ್ಲಿ ಹಿಂದಿನವನು ತಳ್ಳುತ್ತಾನೆ. ಈಗ ಮೊಬೈಲಿನ ಕ್ಯಾಮರಾವನ್ನು ಸೂಕ್ಷ್ಮದರ್ಶಕದ ಕಣ್ಣಿಗೆ ಹಿಡಿದು, ಆ ಮೊಬೈಲನ್ನು ಪ್ರಾಜೆಕ್ಟರಿಗೆ ಜೋಡಿಸಿದರೆ, ಒಂದು ಕಣ್ಣಿಗೆ ಕಂಡದ್ದು ಅರುವತ್ತು ಜನರಿಗೂ ಏಕಕಾಲದಲ್ಲಿ ಕಾಣುತ್ತದೆ. “ಇದೇನು?” ಎಂದು ಒಬ್ಬಳು ಬೊಟ್ಟುಮಾಡಿ ತೋರಿಸಬಲ್ಲಳು, ಇನ್ನೊಬ್ಬನು ತೆರೆಯ ಬಳಿ ಹೋಗಿ ಎಣಿಸಬಲ್ಲನು. ಎಲೆಯ ಮೇಲ್ಭಾಗದ ಅಚ್ಚನ್ನೂ ತೆಗೆದು ಎರಡನ್ನೂ ಹೋಲಿಸಿದರೆ, ರಂಧ್ರಗಳು ಕೆಳಭಾಗದಲ್ಲಿಯೇ ಏಕೆ ಹೆಚ್ಚೆಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ಆ ತರುಣಿಯ ಮೂವತ್ತೊಂದು ಸ್ಲೈಡುಗಳಿಗೆ ಬಳಕೆಯಾದ ಪ್ರಾಜೆಕ್ಟರೇ ಇಲ್ಲಿಯೂ ಬಳಕೆಯಾಗಿದೆ. ಈ ಸಲ ಅದು ಮಾಡಿದ್ದು ಸುಣ್ಣದ ಕಡ್ಡಿಯಿಂದ ಮಾಡಲಾಗದ ಕೆಲಸ.

ಇನ್ನೊಂದು ಉದಾಹರಣೆ ಒಂಬತ್ತನೆಯ ತರಗತಿಯ ಗುರುತ್ವದ ಪಾಠದಿಂದ. ಬೀಳುವ ವಸ್ತುವಿನ ದೂರವು ಕಾಲದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬ ಸೂತ್ರವನ್ನು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ; ಕಣ್ಣಾರೆ ಕಂಡವರೆಷ್ಟು? ಒಂದು ಮೀಟರ್ ಎತ್ತರದಿಂದ ಬಿಟ್ಟ ಕಲ್ಲು ನೆಲ ಮುಟ್ಟುವುದಕ್ಕೆ 0.45 ಸೆಕೆಂಡು ಸಾಕು. ಮನುಷ್ಯರ ಕೈಗೆ ನಿಲುಗಡಿಯಾರವನ್ನು ಒತ್ತುವುದಕ್ಕೇ ಅದರ ಅರ್ಧದಷ್ಟು ಹೊತ್ತು ಬೇಕಾದೀತು. ಆದುದರಿಂದಲೇ ಗೆಲಿಲಿಯೋ ಗೋಲಿಯನ್ನು ಇಳಿಜಾರಿನ ಹಲಗೆಯ ಮೇಲೆ ಉರುಳಿಸಿ ಬೀಳುವಿಕೆಯನ್ನು ನಿಧಾನಗೊಳಿಸಬೇಕಾಯಿತು. ಇಂದು ಅನೇಕ ಮೊಬೈಲುಗಳು ನಿಧಾನಚಲನೆಯ ಚಿತ್ರಣದಲ್ಲಿ ಸೆಕೆಂಡಿಗೆ 240 ಚಿತ್ರಗಳನ್ನು ತೆಗೆಯುತ್ತವೆ. ಗೋಡೆಗೆ ಒಂದು ಮೀಟರ್ ಅಳತೆಪಟ್ಟಿಯನ್ನು ನಿಲ್ಲಿಸಿ, ಅದರ ಪಕ್ಕದಲ್ಲಿ ಒಂದು ಗೋಲಿಯನ್ನು ಬಿಟ್ಟು, ಚಿತ್ರ ತೆಗೆದು, ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶದಲ್ಲಿ ಒಂದೊಂದೇ ಚಿತ್ರವನ್ನು ಮುಂದಕ್ಕೆ ತಳ್ಳುತ್ತ ಎಣಿಸಿದರೆ, ಗೋಲಿ ನೆಲ ಮುಟ್ಟುವುದು ಸುಮಾರು 108ನೆಯ ಚಿತ್ರದಲ್ಲಿ. ಈ 108ನ್ನು ನಾಲ್ಕು ಸಮಭಾಗ ಮಾಡಿರಿ. 27ನೆಯ ಚಿತ್ರದಲ್ಲಿ ಗೋಲಿ ಆರು ಸೆಂಟಿಮೀಟರನ್ನು ತುಸು ದಾಟಿರುತ್ತದೆ, 54ನೆಯದರಲ್ಲಿ 25, 81ನೆಯದರಲ್ಲಿ 56, ಕೊನೆಗೆ 100. ಅಂದರೆ ಒಂದು, ನಾಲ್ಕು, ಒಂಬತ್ತು, ಹದಿನಾರು. ವರ್ಗಸಂಖ್ಯೆಗಳು ಗೋಡೆಯ ಮೇಲೆಯೇ ಬರೆದಿಟ್ಟಂತೆ ಕಾಣುತ್ತವೆ. ಅಳತೆ ಅಷ್ಟು ನಿಖರವಾಗಿ ಬರುವುದಿಲ್ಲ, ನಿಜ. ಗೋಲಿಯನ್ನು ಯಾವ ಚಿತ್ರದಲ್ಲಿ ಬಿಟ್ಟೆವೆಂಬುದರಲ್ಲಿ ಒಂದೆರಡು ಚಿತ್ರಗಳ ಸಂದೇಹವಿರುತ್ತದೆ, ಕ್ಯಾಮರಾ ಓರೆಯಾಗಿದ್ದರೆ ಪಟ್ಟಿಯ ಓದು ತಪ್ಪುತ್ತದೆ. ಆ ತಪ್ಪುಗಳನ್ನು ಹುಡುಕುವುದೂ ಭೌತವಿಜ್ಞಾನವೇ. ಅಗ್ಗದ ಮೊಬೈಲು ಸೆಕೆಂಡಿಗೆ 30 ಚಿತ್ರಗಳನ್ನಷ್ಟೇ ತೆಗೆದರೂ ಹದಿಮೂರು ಬಿಂದುಗಳು ಸಿಗುತ್ತವೆ. ಆಲೇಖ ಬರೆಯುವುದಕ್ಕೆ ಅಷ್ಟು ಧಾರಾಳವಾಯಿತು. ಇದೇ ಪಾಠಕ್ಕೆ ಪೀಸಾ ಗೋಪುರದ ಬಣ್ಣದ ಚಿತ್ರವನ್ನೂ ಗೆಲಿಲಿಯೋನ ಗಡ್ಡವನ್ನೂ ಸ್ಲೈಡಿನಲ್ಲಿ ತೋರಿಸಿದ ಪ್ರಶಿಕ್ಷಣಾರ್ಥಿಗೆ ಇಂದು ಆ ಕಾಲಮ್ಮಿನಲ್ಲಿ ಇಷ್ಟೇ ಅಂಕ ಸಿಗುತ್ತದೆ, ಅಥವಾ ಹೆಚ್ಚು.

ಯಂತ್ರವನ್ನು ಆರಿಸಿ ಹೊರಗೆ ನಡೆಯಬೇಕಾದ ಪಾಠಗಳೂ ಉಂಟು. ಸೌರಮಂಡಲದ ಚಲನಚಿತ್ರಗಳು ಇಂದು ಸಾವಿರಾರು ದೊರೆಯುತ್ತವೆ, ನೋಡುವುದಕ್ಕೆ ಮನೋಹರವಾಗಿಯೂ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ಸುಳ್ಳು ಹೇಳುತ್ತವೆ. ಹೇಳದೆ ಅವಕ್ಕೆ ಗತಿಯಿಲ್ಲ. ಭೂಮಿಯನ್ನು ಒಂದು ಸೆಂಟಿಮೀಟರಿನ ಗೋಲಿಯೆಂದು ಇಟ್ಟುಕೊಂಡರೆ ಚಂದ್ರನು 30 ಸೆಂಟಿಮೀಟರ್ ದೂರದಲ್ಲಿರಬೇಕು. ಸೂರ್ಯನು ಒಂದು ಮೀಟರಿಗಿಂತ ತುಸು ಅಗಲವಾಗಿ, 117 ಮೀಟರ್ ದೂರದಲ್ಲಿರಬೇಕು. ಯಾವ ತೆರೆಯಲ್ಲಿ ಇದನ್ನು ಹಿಡಿಸುವುದು? ಶಾಲೆಯ ಮೈದಾನದಲ್ಲಿ ಹಿಡಿಸಬಹುದು. ಒಬ್ಬ ಹುಡುಗಿ ಗೋಲಿ ಹಿಡಿದು ಈ ತುದಿಯಲ್ಲಿಯೂ ಇಬ್ಬರು ಹುಡುಗರು ಸೈಕಲ್ ಟೈರು ಹಿಡಿದು ಆ ತುದಿಯಲ್ಲಿಯೂ ನಿಂತರೆ (ಟೈರು ಅಳತೆಗೆ ಸ್ವಲ್ಪ ಚಿಕ್ಕದಾದರೂ ಚಿಂತೆಯಿಲ್ಲ) ಆಕಾಶ ಎಷ್ಟು ಬರಿದಾಗಿದೆಯೆಂಬುದು ಕಾಲಿಗೇ ತಿಳಿಯುತ್ತದೆ. ಈ ಪಾಠವನ್ನು ಮೈದಾನದಲ್ಲಿ ಮಾಡಲು ನಿರ್ಧರಿಸಿದ ಪ್ರಶಿಕ್ಷಣಾರ್ಥಿಯು ತಂತ್ರಜ್ಞಾನವನ್ನು ಬಲ್ಲವನೆಂದೇ ನಾವು ಹೇಳುತ್ತೇವೆ. ಅದು ಎಲ್ಲಿ ಸೋಲುತ್ತದೆಂಬುದನ್ನು ಅವನು ಬಲ್ಲ.

ಗಣಕದ ಮೇಲಿನ ಅನುಕರಣ ಪ್ರಯೋಗಗಳ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. 2001ರಲ್ಲಿ ನೊಬೆಲ್ ಬಹುಮಾನ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು ಮರುವರ್ಷ ಕೊಲರಾಡೋ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದ ‘ಫೆಟ್’ ಪ್ರಯೋಗಗಳು ಉಚಿತವಾಗಿ ದೊರೆಯುತ್ತವೆ. ತಂತಿಯಲ್ಲಿ ಎಲೆಕ್ಟ್ರಾನುಗಳು ಸಾಗುವುದನ್ನು ಅಲ್ಲಿ ತೋರಿಸಬಹುದು. ಕಣ್ಣಿಗೆಂದೂ ಕಾಣದುದನ್ನು ಕಾಣಿಸುವುದು ದೊಡ್ಡ ಉಪಕಾರವೇ. ಆದರೆ ಅಲ್ಲಿ ಶೆಲ್ಲು ಸವೆಯುವುದಿಲ್ಲ, ತಂತಿಯ ತುದಿಗೆ ತುಕ್ಕು ಹಿಡಿಯುವುದಿಲ್ಲ, ಸಡಿಲವಾದ ಜೋಡಣೆಯಿಂದ ಬಲ್ಬು ಮಿಣಕ್ ಮಿಣಕ್ ಎನ್ನುವುದಿಲ್ಲ. ಅದನ್ನು ಮಾತ್ರ ಆಡಿದ ವಿದ್ಯಾರ್ಥಿಯ ಕೈಗೆ ನಿಜವಾದ ಶೆಲ್ಲು ಬಲ್ಬುಗಳನ್ನು ಕೊಟ್ಟಾಗ ದೀಪ ಹತ್ತದಿದ್ದರೆ, ಓಮನ ನಿಯಮವೇ ಸುಳ್ಳೆಂದು ಅವನು ತಿಳಿದಾನು. ಪ್ರತಿಯೊಂದು ಅನುಕರಣವೂ ಏನನ್ನು ಬಿಟ್ಟಿದೆಯೆಂದು ಪಟ್ಟಿ ಮಾಡುವ ಅಭ್ಯಾಸವನ್ನು ತರಬೇತಿಯಲ್ಲಿಯೇ ಮಾಡಿಸಬೇಕು. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಅಭ್ಯಾಸ ಇದು. ನಾವು ನೋಡಿದ ಯಾವ ಕಾಲೇಜಿನಲ್ಲಿಯೂ ನಡೆದಂತೆ ಕಾಣಲಿಲ್ಲ.

ಒಂದು ಸಂಗತಿ ನಮಗೆ ಮೇಲಿಂದ ಮೇಲೆ ವಿಚಿತ್ರವೆನಿಸುತ್ತದೆ. ಬಿ.ಎಡ್. ಮಾಡಿದವರೆಲ್ಲರಿಗೂ ಅಣುಬೋಧನೆಯ ಪರಿಚಯವುಂಟು. ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ, ಹನ್ನೆರಡು ನಿಮಿಷ ಮರುಯೋಜನೆ, ಆರು ನಿಮಿಷ ಮರುಪಾಠ, ಮತ್ತೆ ಆರು ನಿಮಿಷ ವಿಮರ್ಶೆ. ಹೀಗೆ 36 ನಿಮಿಷಗಳ ಒಂದು ಸುತ್ತು. 1963ರ ಸುಮಾರಿಗೆ ಸ್ಟ್ಯಾನ್‌ಫರ್ಡಿನಲ್ಲಿ ಡ್ವೈಟ್ ಅಲೆನ್ ಮತ್ತು ಅವರ ಸಂಗಡಿಗರು ಇದನ್ನು ರೂಪಿಸಿದಾಗ, ಪಾಠವನ್ನು ವಿಡಿಯೋ ಯಂತ್ರದಲ್ಲಿ ಚಿತ್ರಿಸಿ, ಪಾಠ ಮಾಡಿದವರಿಗೇ ಅದನ್ನು ತೋರಿಸುವುದು ಅದರ ಮುಖ್ಯ ಅಂಗಗಳಲ್ಲಿ ಒಂದಾಗಿತ್ತು. ಆ ಕಾಲದ ಯಂತ್ರ ದುಬಾರಿಯಾದುದರಿಂದ ನಮ್ಮ ಕಾಲೇಜುಗಳು ಅದನ್ನು ಕೈಬಿಟ್ಟು, ಸಹಪಾಠಿಗಳ ಟಿಪ್ಪಣಿಯಿಂದ ತೃಪ್ತಿಪಟ್ಟವು. ಅದು ಕ್ಷಮ್ಯ. ಈಗ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯ ಜೇಬಿನಲ್ಲಿಯೂ ಅದಕ್ಕಿಂತ ನೂರುಪಾಲು ಮೇಲಾದ ಕ್ಯಾಮರಾ ಇದೆ. ಅಣುಬೋಧನೆ ಮಾತ್ರ ಇನ್ನೂ ಟಿಪ್ಪಣಿಯ ಹಾಳೆಯಲ್ಲಿಯೇ ನಡೆಯುತ್ತಿದೆ! ಪ್ರಶ್ನೆ ಕೇಳಿದ ಮೇಲೆ ತಾನು ಎಷ್ಟು ಸೆಕೆಂಡು ಕಾದೆ, ಹುಡುಗಿಯರ ಕಡೆಗೆ ಎಷ್ಟು ಸಲ ತಿರುಗಿದೆ, ಹಲಗೆಗೆ ಮುಖಮಾಡಿಕೊಂಡು ಎಷ್ಟು ಹೊತ್ತು ಮಾತನಾಡಿದೆ ಎಂಬುದನ್ನು ಸಹಪಾಠಿಗಳು ಸಂಕೋಚದಿಂದ ಹೇಳಲಿಕ್ಕಿಲ್ಲ, ಚಿತ್ರಕ್ಕೆ ಸಂಕೋಚವಿಲ್ಲ. ನಾವೊಮ್ಮೆ ನಮ್ಮ ಉಪನ್ಯಾಸವನ್ನು ಹೀಗೆ ನೋಡಿಕೊಂಡು, “ಅಂದರೆ” ಎಂಬ ಮಾತನ್ನು ಎಷ್ಟು ಸಲ ಆಡಿದೆವೆಂದು ಎಣಿಸುವುದನ್ನು ಅರ್ಧಕ್ಕೇ ಬಿಟ್ಟೆವು.

ಹಿರಿಯರಾದ ಕೆಲವು ಉಪಾಧ್ಯಾಯಮಿತ್ರರು, ಇದೆಲ್ಲ ಏತಕ್ಕೆ, ಕಪ್ಪುಹಲಗೆಯೂ ಒಳ್ಳೆಯ ಮಾತೂ ಇದ್ದರೆ ಸಾಲದೆ ಎನ್ನುತ್ತಾರೆ. ಅವರ ಮಾತಿನಲ್ಲಿ ಅನುಭವದ ತೂಕವಿದೆ. 2024-25ನೆಯ ಸಾಲಿನ ಯೂಡೈಸ್ ಪ್ಲಸ್ ವರದಿಯಂತೆ ದೇಶದಲ್ಲಿ ಕಂಪ್ಯೂಟರ್ ಸೌಕರ್ಯವಿರುವ ಶಾಲೆಗಳು ನೂರಕ್ಕೆ ಸುಮಾರು 65; ಅಂತರ್ಜಾಲವಿರುವುವು ಸುಮಾರು 63. ಉಳಿದ ಮೂರರಲ್ಲೊಂದು ಪಾಲು ಶಾಲೆಗಳಿಗೆ ಹೋಗುವ ಉಪಾಧ್ಯಾಯರಿಗೆ ಸ್ಲೈಡಿನ ಪಾಠವನ್ನು ಮಾತ್ರ ಕಲಿಸಿ ಕಳುಹಿಸುವುದು ಅನ್ಯಾಯ. 2020ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ನಮ್ಮ ರಾಜ್ಯದ ಉಪಾಧ್ಯಾಯರು ವಿದ್ಯಾಗಮ ಯೋಜನೆಯಲ್ಲಿ ಗುಡಿಯ ಜಗಲಿ, ಮರದ ನೆರಳುಗಳನ್ನೇ ಶಾಲೆ ಮಾಡಿಕೊಂಡದ್ದು ಸುಮ್ಮನೆ ಅಲ್ಲ. ಮೊಬೈಲು ಇರುವ ಮನೆಯಲ್ಲಿಯೂ ಅದು ತಂದೆಯ ಜೇಬಿನಲ್ಲಿ ಹೊಲಕ್ಕೋ ಕೆಲಸಕ್ಕೋ ಹೋಗಿರುತ್ತಿತ್ತು. ಆದಾಗ್ಯೂ ನಾವು ಆ ಮಿತ್ರರೊಡನೆ ಕೊನೆಯವರೆಗೆ ಹೋಗಲಾರೆವು. ಪತ್ರರಂಧ್ರವನ್ನೂ ಬೀಳುವ ಗೋಲಿಯ ವರ್ಗಸಂಖ್ಯೆಗಳನ್ನೂ ಮಾತಿನಿಂದ ವರ್ಣಿಸಬಹುದು, ತೋರಿಸಲಾಗದು. ಪಟ್ಟಣದ ಮಕ್ಕಳು ಇವನ್ನು ಹೇಗಾದರೂ ನೋಡಿಯಾರು. ಹಳ್ಳಿಯ ಮಕ್ಕಳಿಗೆ ಉಪಾಧ್ಯಾಯರು ತೋರಿಸದಿದ್ದರೆ ಬೇರೆ ಯಾರೂ ಇಲ್ಲ.

ಭಾಷೆಯದೊಂದು ತೊಡಕನ್ನು ಇಲ್ಲಿಯೇ ಹೇಳಿಬಿಡಬೇಕು. ಕನ್ನಡದಲ್ಲಿ ಪಾಠ ಮಾಡಬೇಕಾದವರಿಗೆ ಕನ್ನಡವನ್ನು ಅಚ್ಚಿಸುವುದನ್ನು ನಾವು ಸರಿಯಾಗಿ ಕಲಿಸುತ್ತಿಲ್ಲ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆ ಇನ್ನೊಂದು ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದಿದ್ದರೆ ಈ ಪಾಡಿಲ್ಲ, ಕೆ. ಪಿ. ರಾವ್ ಅವರು ರೂಪಿಸಿದ ಸುಲಭವಾದ ಕೀಲಿವಿನ್ಯಾಸದಲ್ಲಿ ಒಂದು ವಾರ ಅಭ್ಯಾಸ ಮಾಡಿದರೆ ಯಾರಿಗಾದರೂ ಕೈಹತ್ತುತ್ತದೆ. ಇದು ತಿಳಿಯದ ಪ್ರಶಿಕ್ಷಣಾರ್ಥಿ ಕನ್ನಡವನ್ನು ಬಿಟ್ಟು ಇಂಗ್ಲಿಷಿನ ಸ್ಲೈಡನ್ನು ತೋರಿಸಿ ಕನ್ನಡದಲ್ಲಿ ಅರ್ಥ ಹೇಳುತ್ತಾನೆ. ಮಕ್ಕಳು ತೆರೆಯನ್ನು ನಕಲು ಮಾಡಿಕೊಳ್ಳುತ್ತಾರೆ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪಾಠಯೋಜನೆಗಳನ್ನು ಯಂತ್ರವೇ ಬರೆದುಕೊಡುತ್ತಿದೆ. ಇದರಿಂದ ಕೆಲವು ಪ್ರಾಧ್ಯಾಪಕರು ಬಹಳ ಕಳವಳಗೊಂಡಿದ್ದಾರೆ. ಹಿಂದಿನ ವರ್ಷದವರ ಪಾಠಯೋಜನೆಯ ಪುಸ್ತಕವನ್ನು ನೋಡಿ ಬರೆಯುವ ಪದ್ಧತಿ ಮೊದಲು ಇರಲೇ ಇಲ್ಲವೆಂಬಂತೆ ಅವರು ಮಾತನಾಡುತ್ತಾರೆ! ನಕಲಿಗಿಂತ ಗಂಭೀರವಾದ ಅಪಾಯ ಬೇರೆಯಿದೆ: ಯಂತ್ರವು ಸುಳ್ಳನ್ನೂ ನಿಜವನ್ನೂ ಒಂದೇ ಗತ್ತಿನಿಂದ ಹೇಳುತ್ತದೆ, ಹಳ್ಳಿಯ ಶಾಲೆಯಲ್ಲಿಲ್ಲದ ಸಾಮಗ್ರಿಯನ್ನು ಇದೆಯೆಂದು ಊಹಿಸಿಕೊಂಡು ಪ್ರಯೋಗವನ್ನು ಸೂಚಿಸುತ್ತದೆ. ನಿಷೇಧಿಸುವುದು ವ್ಯರ್ಥ. ಅದರ ಬದಲು ಯಂತ್ರ ಬರೆದ ಒಂದು ಪಾಠಯೋಜನೆಯನ್ನೇ ಪರೀಕ್ಷೆಯಲ್ಲಿ ಕೊಟ್ಟು, ಇದರಲ್ಲಿ ವಿಷಯದ ತಪ್ಪು ಯಾವುದು, ನಿಮ್ಮ ಶಾಲೆಯಲ್ಲಿ ನಡೆಯದ ಭಾಗ ಯಾವುದು, ಮಕ್ಕಳು ಎಡವುವ ಜಾಗವನ್ನು ಇದು ಕಂಡಿದೆಯೇ ಎಂದು ಕೇಳಬೇಕು. ಶುಲ್ಮನ್ ಹೇಳಿದ ಮೂರನೆಯ ಜ್ಞಾನ ಇದ್ದವರಿಗೆ ಮಾತ್ರ ಈ ಪ್ರಶ್ನೆಗೆ ಉತ್ತರ ಬರೆಯಲು ಸಾಧ್ಯ.

ಮಕ್ಕಳ ಭಾವಚಿತ್ರ, ಹೆಸರು, ದೂರವಾಣಿ ಸಂಖ್ಯೆಗಳನ್ನು ಸಿಕ್ಕಿದ ಆ್ಯಪಿಗೆಲ್ಲ ತುಂಬಿಕೊಡುವ ಚಾಳಿಯನ್ನೂ ತರಬೇತಿಯಲ್ಲಿಯೇ ತಡೆಯಬೇಕು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರನ್ನೆಲ್ಲ ಮಕ್ಕಳೆಂದು ಪರಿಗಣಿಸುತ್ತದೆ. ಅಣುಬೋಧನೆಯ ಚಿತ್ರಣಕ್ಕೂ ಈ ಎಚ್ಚರ ಸಲ್ಲುತ್ತದೆ. ಚಿತ್ರ ಕಾಲೇಜಿನ ಹೊರಗೆ ಹೋಗಬಾರದು, ಕೆಲಸ ಮುಗಿದ ಮೇಲೆ ಅಳಿಸಬೇಕು.

ಇಷ್ಟನ್ನೂ ಮಾಡಿಸಬೇಕಾದವರು ತರಬೇತಿ ಕಾಲೇಜಿನ ವಿಷಯಬೋಧಕರು. ಅವರಲ್ಲಿ ಅನೇಕರು ಯಂತ್ರವನ್ನು ಕಂಡು ಹಿಂಜರಿಯುತ್ತಾರೆ; ಅವರನ್ನು ಹಾಸ್ಯ ಮಾಡುವುದರಿಂದ ಪ್ರಯೋಜನವಿಲ್ಲ, ಅವರಿಗೆ ಅಭ್ಯಾಸಕ್ಕೆ ಹೊತ್ತು ಕೊಡಬೇಕು. ತಂತ್ರಜ್ಞಾನದ ಬೋಧಕರೂ ಭೌತವಿಜ್ಞಾನದ ಬೋಧಕರೂ ವಾರಕ್ಕೊಮ್ಮೆ ಒಂದೇ ತರಗತಿಯನ್ನು ಜೊತೆಯಾಗಿ ತೆಗೆದುಕೊಂಡರೂ ಸಾಕಷ್ಟಾಯಿತು. ನಾವು ಹೇಳಿದ ಸಾಮಗ್ರಿಯಲ್ಲಿ ಹೊಸದಾಗಿ ಕೊಳ್ಳಬೇಕಾದುದು ಅಳತೆಪಟ್ಟಿಯೂ ಉಗುರಿನ ಪಾಲಿಶೂ ಮಾತ್ರ. ಬೋಧನಾಭ್ಯಾಸದ ಪಾಠಗಳಲ್ಲಿ ಒಂದನ್ನಾದರೂ, ಪ್ರಶಿಕ್ಷಣಾರ್ಥಿಗೆ ಮೊದಲೇ ತಿಳಿಸದೆ, ನಡುವೆ ವಿದ್ಯುತ್ತನ್ನು ಆರಿಸಿ ನಡೆಸಬೇಕೆಂದು ನಾವು ಒಬ್ಬ ಪ್ರಾಂಶುಪಾಲರಿಗೆ ಸೂಚಿಸಿದಾಗ ಅವರು ನಕ್ಕು, ಅದಕ್ಕೆ ನಾವು ಕಷ್ಟಪಡಬೇಕಾಗಿಲ್ಲ, ವಿದ್ಯುತ್ ಮಂಡಳಿಯವರೇ ನಡೆಸಿಕೊಡುತ್ತಾರೆ ಎಂದರು.

ಆ ಮೌಲ್ಯಮಾಪನದ ಹಾಳೆಯನ್ನು ಬದಲಾಯಿಸುವುದು ಅದಕ್ಕಿಂತ ಸುಲಭ. ‘ತಂತ್ರಜ್ಞಾನದ ಬಳಕೆ’ ಎಂಬ ಕಾಲಮ್ಮಿನ ತಲೆಬರಹವನ್ನು ಹೊಡೆದುಹಾಕಿ, ‘ತಂತ್ರಜ್ಞಾನವನ್ನು ಬಳಸಿದ ಅಥವಾ ಬಳಸದೆ ಬಿಟ್ಟ ಕಾರಣ’ ಎಂದು ಬರೆಯಬೇಕು. ಕಾರಣ ಸರಿಯಾಗಿದ್ದರೆ ಎರಡಕ್ಕೂ ಪೂರ್ತಿ ಅಂಕ ಕೊಡಬೇಕು. ಮುಂದಿನ ತಂಡ ಬೋಧನಾಭ್ಯಾಸಕ್ಕೆ ಶಾಲೆಗಳಿಗೆ ಹೊರಡುವುದರೊಳಗಾಗಿ ಇದನ್ನು ಮಾಡಬಹುದು. ಇದಕ್ಕೆ ಟೆಂಡರು ಬೇಕಾಗಿಲ್ಲ.